ಚಾಕುವಿಗೆ ತಗಲಿದ ಬಿಳಿ ಚುಕ್ಕೆ

ಕೇಳುಗರಿಗೆ ನಮಸ್ಕಾರ.

ಅನ್ನದಲ್ಲಿ ಕಲ್ಲಿದ್ದರೆ ಮೊದಲು ಗೊತ್ತಾಗೋದು ಹಲ್ಲಿಗೆ, ಅಲ್ವಾ? 1835ರ ಫೆಬ್ರವರಿ. ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆ. ಅಲ್ಲಿ ಶವ ಕೊಯ್ಯುತ್ತಿದ್ದವರ ಚಾಕುವಿಗೆ ಹಾಗೇ ಏನೋ ತಗಲಿತು. ಕ್ಷಯದಿಂದ ತೀರಿಕೊಂಡಿದ್ದ ಒಬ್ಬ ಇಟಲಿಯವನ ಶವ ಅದು. ಸ್ನಾಯುವಿನ ತುಂಬ ರವೆ ಎರಚಿದ ಹಾಗೆ ಬಿಳಿ ಚುಕ್ಕೆಗಳು.

ಇಂಥ ಚುಕ್ಕೆ ಅದಕ್ಕೂ ಮೊದಲು ಕಂಡಿದ್ದವು. ಸಣ್ಣ ಮೂಳೆ ಚೂರು ಇರಬೇಕು ಅಂತ ಸುಮ್ನೆ ಬಿಟ್ಟಿದ್ದರು. ಆದರೆ ಜೇಮ್ಸ್ ಪ್ಯಾಜೆಟ್ ಬಿಡಲಿಲ್ಲ. 21 ವರ್ಷದ ಹುಡುಗ, ಮೊದಲ ವರ್ಷದ ವಿದ್ಯಾರ್ಥಿ. ಭೂತಗನ್ನಡಿ ಹಿಡಿದು ನೋಡಿದ. ಇನ್ನೂ ಚೆನ್ನಾಗಿ ನೋಡಬೇಕಿತ್ತು. ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿ, ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಅವರ ಸೂಕ್ಷ್ಮದರ್ಶಕದಲ್ಲಿ ನೋಡಿದ. ಒಂದೊಂದು ಚುಕ್ಕೆಯೂ ಒಂದು ಪುಟ್ಟ ಚೀಲ. ಅದರೊಳಗೆ ಸುರುಳಿ ಸುತ್ತಿ ಮಲಗಿದ ಹುಳ!

ಅದೇ ತಿಂಗಳು ಪ್ಯಾಜೆಟ್ ವಿದ್ಯಾರ್ಥಿಗಳ ಸಂಘದಲ್ಲಿ ಇದನ್ನು ಓದಿ ಹೇಳಿದ. ಆದರೆ ಪ್ರಾಣಿವಿಜ್ಞಾನ ಸಂಘದ ಮುಂದೆ ವಿವರಿಸಿ ಹೆಸರಿಟ್ಟವರು ರಿಚರ್ಡ್ ಓವೆನ್. ಕೀರ್ತಿಯೂ ಜಾಸ್ತಿ ಅವರಿಗೇ ಹೋಯಿತು. ನನಗಂತೂ ಇದು ಅನ್ಯಾಯ ಅನ್ನಿಸುತ್ತದೆ. ಇವತ್ತು ಆ ಹುಳದ ಹೆಸರು ಟ್ರಿಕಿನೆಲ್ಲ ಸ್ಪೈರಾಲಿಸ್.

ಸರಿ, ಅದು ಮೈಯೊಳಗೆ ಬಂದದ್ದು ಹೇಗೆ? 1846ರಲ್ಲಿ ಅಮೆರಿಕದ ಜೋಸೆಫ್ ಲೀಡಿ ಹಂದಿ ಮಾಂಸದಲ್ಲೂ ಅದೇ ಚುಕ್ಕೆ ಕಂಡರು. ಪೂರ್ತಿ ಉತ್ತರ ಸಿಕ್ಕಿದ್ದು 1860ರಲ್ಲಿ, ಜರ್ಮನಿಯ ಡ್ರೆಸ್ಡೆನ್ನಿನಲ್ಲಿ. ಮನೆಗೆಲಸದ ಒಬ್ಬ ಹುಡುಗಿ ಜ್ವರ, ಮೈಕೈ ನೋವಿನಿಂದ ನರಳಿ ಸತ್ತಳು. ಟೈಫಾಯ್ಡ್ ಅಂದುಕೊಂಡಿದ್ದರು. ಡಾಕ್ಟರ್ ಜೆಂಕರ್ ನೋಡಿದರೆ, ಸ್ನಾಯುವಿನಲ್ಲಿ ಮರಿಹುಳ, ಕರುಳಿನಲ್ಲಿ ಬೆಳೆದ ಹುಳ. ಅವಳಿದ್ದ ಮನೆಗೆ ವಿಚಾರಿಸಿದರು. ಹಂದಿ ಕಡಿದ ಕಟುಕನಿಗೂ ಕಾಯಿಲೆ. ಉಳಿದ ಮಾಂಸದಲ್ಲೂ ಹುಳ.

ಸರಿಯಾಗಿ ಬೇಯದ ಮಾಂಸ ತಿಂದರೆ ಹೊಟ್ಟೆಯಲ್ಲಿ ಚೀಲ ಕರಗುತ್ತದೆ. ಹುಳ ಕರುಳಿನಲ್ಲಿ ಬೆಳೆದು ಮರಿ ಹಾಕುತ್ತದೆ. ಮರಿಗಳು ರಕ್ತದ ಜೊತೆ ಹೋಗಿ ಸ್ನಾಯು ಸೇರುತ್ತವೆ.

1865ರಲ್ಲಿ ಹೆಡರ್ಸ್‌ಲೆಬೆನ್ ಎಂಬ ಊರೊಂದರಲ್ಲೇ ಇದಕ್ಕೆ ನೂರು ಜನ ಬಲಿಯಾದರು. ಮಾಂಸ ಪರೀಕ್ಷೆ ಆಗಲೇಬೇಕು ಅಂತ ಡಾಕ್ಟರ್ ವಿರ್ಚೋ ಪಟ್ಟು ಹಿಡಿದರು. ಮುಂದೆ ಜರ್ಮನಿಯ ಕಸಾಯಿಖಾನೆಗಳಲ್ಲಿ ಪರೀಕ್ಷಕರು ಬಂದು ಕೂತರು. ಮಾಂಸದ ಚೂರನ್ನು ಎರಡು ಗಾಜಿನ ನಡುವೆ ಒತ್ತಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಪ್ಯಾಜೆಟ್ ಕಂಡಿದ್ದ ಅದೇ ಸುರುಳಿಯನ್ನು ಹುಡುಕುತ್ತಿದ್ದರು.