ಹಗ್ಗದ ಗಂಟು ಎಣಿಸುವ ಭಾನುವಾರ

ಕೇಳುಗರೆಲ್ಲರಿಗೂ ನಮಸ್ಕಾರ.

ಸೋಮವಾರಪೇಟೆ ಕಡೆಯವರಿಗೆ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆ ಗೊತ್ತೇ ಇರುತ್ತದೆ. ಗೌರಿ ಹಬ್ಬಕ್ಕೆ ಅಲ್ಲಿ ಬಾಗಿನ ಬಿಡುತ್ತಾರೆ. ಕೆರೆ ತೋಡಿದರೂ ನೀರು ಬರಲಿಲ್ಲ, ಹೊನ್ನಮ್ಮ ತನ್ನನ್ನೇ ಕೊಟ್ಟಳು, ಆಮೇಲೆ ನೀರು ಉಕ್ಕಿತು ಅನ್ನುವುದು ಕತೆ. ಅಜ್ಜಿ ಅದನ್ನು ಹೇಳಿದಾಗಲೆಲ್ಲ ನಾನು ಅಳುತ್ತಿದ್ದೆ.

ನಾನು ಇವತ್ತು ಹೇಳುವುದು ಅಷ್ಟು ಹೆಸರಿಲ್ಲದ ಒಂದು ಕೆರೆಯ ವಿಷಯ. ನಮ್ಮೂರಿನದು. ಸುತ್ತ ಒಂದು ಸಲ ನಡೆದು ಬರಲು ಅರ್ಧ ಗಂಟೆ ಸಾಕು. ಮೂರು ಕಡೆ ಕಾಫಿ ತೋಟ, ಒಂದು ಕಡೆ ಏರಿ. ಏರಿಯ ಕೆಳಗೆ ಹಿಂದೆ ಗದ್ದೆ ಬಯಲಿತ್ತು.

ಗದ್ದೆ ಇದ್ದಾಗ ಕೆರೆಗೆ ಯಜಮಾನರಿದ್ದರು. ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಮೊದಲು ನೀರು, ಎಲ್ಲ ಊರವರೇ ಕೂತು ತೀರ್ಮಾನ ಮಾಡುತ್ತಿದ್ದರು. ಬೇಸಿಗೆಯಲ್ಲಿ ಮನೆಗೊಬ್ಬರು ಗುದ್ದಲಿ, ಮಂಕರಿ ಹಿಡಿದು ಬರಬೇಕು. ತೆಗೆದ ಹೂಳು ಗದ್ದೆಗೇ ಗೊಬ್ಬರ. ನೀರು ಬೇಕಿತ್ತು, ಅದಕ್ಕೇ ಕೆರೆ ನೋಡಿಕೊಂಡರು. ಆಮೇಲೆ ಗದ್ದೆಗಳು ಒಂದೊಂದೇ ಪಾಳು ಬಿದ್ದವು. ಕೆಲವು ಕಡೆ ಶುಂಠಿ ಬಂತು, ಕೆಲವು ಕಡೆ ಕಾಫಿ, ಅಡಿಕೆ. ತೂಬು ತುಕ್ಕು ಹಿಡಿಯಿತು. ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾ ಕಾಫಿ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಮೋಟಾರ್ ಹೊತ್ತು ಬರುವವರನ್ನು ಬಿಟ್ಟರೆ ಕೆರೆ ಕಡೆ ತಲೆ ಹಾಕುವವರೇ ಇಲ್ಲವಾದರು.

ಹಾಗಾದರೆ ಈಗ ಕೆರೆಯನ್ನು ಯಾರು ನೋಡಿಕೊಳ್ಳಬೇಕು? ನಾನು ತುಂಬ ಯೋಚಿಸಿದ್ದೇನೆ. ಖುಷಿಗೆ ಬರುವವರೇ ನೋಡಿಕೊಳ್ಳಬೇಕು. ಈಜಲು ಬರುವ ಮಕ್ಕಳು, ಗಾಳ ಹಾಕಿ ಕೂರುವ ಅಣ್ಣಂದಿರು, ಸಂಜೆ ವಾಕಿಂಗ್ ಬರುವ ಅಕ್ಕಂದಿರು. ದಿನಾ ಕೆರೆ ನೋಡುವವರಿಗೆ ಮಾತ್ರ ಅದರ ಮುಖ ಬಾಡಿದ್ದು ಗೊತ್ತಾಗುತ್ತದೆ, ಅಲ್ವಾ? ಜನ ಬಂದರೆ ಕೆರೆ ಹಾಳಾಗುತ್ತದೆ, ಬೇಲಿ ಹಾಕಿ ಅನ್ನುವವರೂ ಇದ್ದಾರೆ. ಅವರ ಭಯ ನನಗೆ ಅರ್ಥವಾಗುತ್ತದೆ. ಬಾಟಲಿ ಒಡೆದು ಹೋಗುವವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ. ಆದರೆ ಬೇಲಿ ಹಾಕಿದ ಕೆರೆಯನ್ನು ಊರು ಬೇಗ ಮರೆಯುತ್ತದೆ. ಅದು ಇನ್ನೂ ದೊಡ್ಡ ನಷ್ಟ.

ನಾವು ಒಂದಷ್ಟು ಜನ ಭಾನುವಾರ ಬೆಳಿಗ್ಗೆ ಸೇರುತ್ತೇವೆ. ಮೊದಲ ಕೆಲಸ ತಟ್ಟೆ ಇಳಿಸುವುದು. ಇಟಲಿಯ ಒಬ್ಬ ಪಾದ್ರಿ, ಆಂಜೆಲೊ ಸೆಕ್ಕಿ ಅಂತ. ಖಗೋಳ ವಿಜ್ಞಾನಿಯೂ ಹೌದು. 1865ರಲ್ಲಿ ಹಡಗಿನ ಮೇಲಿಂದ ಸಮುದ್ರಕ್ಕೆ ಬಿಳಿ ತಟ್ಟೆ ಇಳಿಸಿ, ಎಷ್ಟು ಆಳದವರೆಗೆ ಕಾಣುತ್ತದೆ ಅಂತ ನೋಡಿದರು. ನೀರು ಎಷ್ಟು ತಿಳಿಯಾಗಿದೆ ಅಂತ ಅಳೆಯಲು ಇವತ್ತಿಗೂ ಜಗತ್ತಿನ ಕೆರೆಗಳಲ್ಲಿ ಅದನ್ನೇ ಬಳಸುತ್ತಾರೆ. ಕೆರೆಗಳಿಗೆ ಬಳಸುವುದು 20 ಸೆಂಟಿಮೀಟರ್ ಅಗಲದ್ದು, ನಾಲ್ಕು ಭಾಗ ಮಾಡಿ ಕಪ್ಪು, ಬಿಳಿ ಬಣ್ಣ ಬಳಿದದ್ದು.

ನಮ್ಮದು ಹಳೇ ಸ್ಟೀಲ್ ತಟ್ಟೆ. ನಡುವೆ ತೂತು ಕೊರೆದು, ಅಡಿಗೆ ಕಲ್ಲು ಕಟ್ಟಿ, ಅಡಿಗೊಂದು ಗಂಟು ಹಾಕಿದ ಹಗ್ಗ. ಮೊದಲು ತೆಂಗಿನ ನಾರಿನ ಹಗ್ಗ ಕಟ್ಟಿದ್ದೆವು. ನೆನೆದು ಕುಗ್ಗಿ ಗಂಟುಗಳ ಅಳತೆಯೇ ತಪ್ಪಿತು. ಈಗ ನೈಲಾನ್. ತೂಬಿನ ಕಟ್ಟೆ ಮೇಲೆ ಬೋರಲು ಮಲಗಿ ಮಕ್ಕಳು ಅದನ್ನು ಇಳಿಸುತ್ತಾರೆ. ಬಿಳಿ ಮೊದಲು ಹಸಿರಾಗುತ್ತದೆ, ಆಮೇಲೆ ಮಂಕಾಗುತ್ತದೆ, ಆಮೇಲೆ ಇಲ್ಲ. ಇಲ್ಲವಾದ ಗಂಟು ಎಣಿಸಿ, ಸ್ವಲ್ಪ ಮೇಲೆಳೆದು ಮತ್ತೆ ಕಂಡ ಗಂಟನ್ನೂ ಎಣಿಸಿ, ನಡುವಿನದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತೇವೆ. ಅಷ್ಟೇ.

ಅಷ್ಟರಿಂದ ಏನಾಯಿತು ಗೊತ್ತಾ? ಮಳೆಗಾಲದಲ್ಲಿ ನೀರು ಕೆಂಪಾಗಿ ಎರಡೇ ಗಂಟಿಗೆ ತಟ್ಟೆ ಮಾಯ. ಅದು ಸಹಜ. ಡಿಸೆಂಬರ್ ಹೊತ್ತಿಗೆ ಆರು, ಏಳು ಗಂಟು. ಒಂದು ವರ್ಷ ಜನವರಿಯಲ್ಲಿ, ಒಂದು ಹನಿ ಮಳೆ ಇಲ್ಲದೆ, ಒಂದೇ ವಾರದಲ್ಲಿ ಏಳರಿಂದ ಮೂರಕ್ಕೆ ಇಳಿಯಿತು. ಎರಡು ದಿನ ಬಿಟ್ಟು ಮೀನು ಬಾಯಿ ತೆರೆದುಕೊಂಡು ಮೇಲೆ ಬಂದವು. ಕೆರೆಗೆ ನೀರು ತರುವ ತೋಡಿನಗುಂಟ ಹತ್ತಿ ಹೋದರೆ, ಮೇಲಿನ ಒಂದು ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರು ಗುಂಡಿ ತುಂಬಿ ಹರಿದು ಬರುತ್ತಿತ್ತು. ಕಾಫಿ ಹಣ್ಣಿನ ಲೋಳೆಯಲ್ಲಿ ಸಕ್ಕರೆ ಅಂಶ ಜಾಸ್ತಿ. ಅದು ಹುಳಿಯುವಾಗ ನೀರಿನಲ್ಲಿದ್ದ ಆಮ್ಲಜನಕವೆಲ್ಲ ಖರ್ಚಾಗಿ ಹೋಗುತ್ತದೆ. ಮೀನು ಉಸಿರು ಕಟ್ಟಿ ಸಾಯುತ್ತವೆ.

ನಾವು ಜಗಳಕ್ಕೆ ಹೋಗಲಿಲ್ಲ. ನೋಟ್‌ಬುಕ್ ತೆಗೆದುಕೊಂಡು ಹೋದೆವು. ತೋಟದವರು ಕಾಫಿ ಕೊಟ್ಟು ಕೂರಿಸಿದರು, ಪುಟ ತಿರುವಿ ನೋಡಿದರು. ಮುಂದಿನ ಸೀಸನ್‌ಗೆ ಮೊದಲೇ ಇನ್ನೆರಡು ಗುಂಡಿ ತೋಡಿಸಿ, ಸುಣ್ಣ ಹಾಕಿ ನೀರು ನಿಲ್ಲಿಸುವ ವ್ಯವಸ್ಥೆ ಮಾಡಿದರು. ಬರೀ ಬಾಯಿ ಮಾತಲ್ಲಿ ಹೇಳಿದ್ದರೆ ಅಷ್ಟು ಬೇಗ ಆಗುತ್ತಿತ್ತೋ ಇಲ್ಲವೋ.

ಹೂಳೆತ್ತುವ ವಿಷಯ ಬಂದರೆ ನನಗೆ ಒಂದು ಸಂಕಟ ಇದೆ, ಹೇಳಿಬಿಡುತ್ತೇನೆ. ಕೈಯಲ್ಲಿ ಹೂಳೆತ್ತುವಾಗ ದಡ ಇಳಿಜಾರಾಗಿಯೇ ಉಳಿಯುತ್ತಿತ್ತು. ಮೊಣಕಾಲು, ಸೊಂಟ, ಎದೆ ಅಂತ ಕ್ರಮವಾಗಿ ಆಳ. ನಾನು ಅಪ್ಪನ ಕೈ ಹಿಡಿದು ಈಜು ಕಲಿತದ್ದು ಹಾಗೇ. ಈಗ ಜೆಸಿಬಿ ತಂದು ಅಂಚಿನಲ್ಲೇ ನೆಟ್ಟಗೆ ಬಗೆಯುತ್ತಾರೆ. ಕಾಲಿಟ್ಟರೆ ಎರಡನೇ ಹೆಜ್ಜೆಗೆ ಎರಡಾಳು ಆಳ. ಹತ್ತಲು ಹಿಡಿತವೇ ಇಲ್ಲ. ಮಕ್ಕಳು ಕೆರೆಯಲ್ಲಿ ಮುಳುಗಿದ ಸುದ್ದಿ ಓದಿದಾಗಲೆಲ್ಲ ನನಗೆ ಆ ನೆಟ್ಟಗಿನ ಅಂಚೇ ಕಣ್ಣ ಮುಂದೆ ಬರುತ್ತದೆ. ದಡದ ತೆಳು ನೀರು ಹೋದರೆ ಹಕ್ಕಿಗೂ ನಷ್ಟವೇ. ಜಂಬುಕೋಳಿ ಗೂಡು ಕಟ್ಟುವುದು, ಮೀನಿನ ಮರಿ ಅಡಗುವುದು ಅಲ್ಲೇ ತಾನೇ? ನಿಮ್ಮೂರಿನ ಕೆರೆಗೆ ಕೆಲಸ ಬಂದರೆ, ದಯವಿಟ್ಟು ಒಂದು ಕಡೆಯಾದರೂ ಇಳಿಜಾರು ಬಿಡಿ ಅಂತ ನಿಂತು ಹೇಳಿ.

ನಮ್ಮಲ್ಲಿ ಆ ಇಳಿಜಾರಿನ ಜಾಗದಲ್ಲೇ ಈಜು ಕಲಿಸುತ್ತೇವೆ. ಹಗ್ಗ ಕಟ್ಟಿದ ಗಡಿ ಇದೆ, ಈಜು ಬಲ್ಲ ಇಬ್ಬರು ದೊಡ್ಡವರು ನೀರಲ್ಲೇ ಇರಬೇಕು, ಗಾಳಿ ತುಂಬಿದ ಟ್ಯೂಬ್ ದಡದಲ್ಲಿರಬೇಕು. ಬಿದಿರು, ಡ್ರಮ್ಮು ಸೇರಿಸಿ ಕಟ್ಟಿದ ಒಂದು ತೆಪ್ಪವೂ ಇದೆ. ಲೈಫ್ ಜಾಕೆಟ್ ಹಾಕದೆ ಯಾರೂ ಹತ್ತುವಂತಿಲ್ಲ.

ಗಾಳ ಹಾಕುವವರಿಗೆ ಒಂದೇ ಮಾತು. ಜೂನ್‌ನ ಮೊದಲ ಮಳೆಗೆ ಮೀನು ಮೊಟ್ಟೆ ಇಡಲು ತೋಡು ಹತ್ತುತ್ತವಲ್ಲ, ಆ ಹತ್ತುಮೀನಿಗೆ ಬಲೆ, ಕೂಳಿ ಹಾಕಬೇಡಿ. ಹತ್ತುಮೀನಿನ ಸಾರಿನ ರುಚಿ ನನಗೂ ಗೊತ್ತು. ಬಿಡುವುದು ಕಷ್ಟವೇ. ಆದರೆ ಆ ಹೊಟ್ಟೆ ತುಂಬ ಮೊಟ್ಟೆ ಇರುತ್ತದೆ. ಇನ್ನು ಆಫ್ರಿಕನ್ ಕ್ಯಾಟ್‌ಫಿಶ್ ಅನ್ನಂತೂ ಕೆರೆಗೆ ತಂದು ಬಿಡಲೇಬೇಡಿ. ಅದರ ಸಾಕಣೆಯೇ ನಮ್ಮ ದೇಶದಲ್ಲಿ ನಿಷೇಧ. ಸಿಕ್ಕ ಮೀನನ್ನೆಲ್ಲ ನುಂಗುತ್ತದೆ.

ಸಾಲ್ವಿನಿಯಾ ಕಳೆಯೂ ಹಾಗೇ. ಬ್ರೆಜಿಲ್ ಕಡೆಯದು. ಪಕ್ಕದ ಕೇರಳದಲ್ಲಿ ಆಫ್ರಿಕನ್ ಪಾಯಲ್ ಅನ್ನುತ್ತಾರೆ. ಒಂದು ತುಂಡು ಬಲೆಗೋ ತೆಪ್ಪಕ್ಕೋ ಅಂಟಿಕೊಂಡು ಬಂದರೆ ಸಾಕು, ಕೆರೆಗೆ ಚಾಪೆ ಹಾಸಿಬಿಡುತ್ತದೆ. ಬೇರೆ ನೀರಲ್ಲಿ ಬಳಸಿದ ಬಲೆಯನ್ನು ಚೆನ್ನಾಗಿ ಒಣಗಿಸಿಯೇ ಇಲ್ಲಿಗೆ ತರಬೇಕು ಅನ್ನುವುದು ಅದಕ್ಕೇ.

ಬೇಸಿಗೆಯಲ್ಲಿ ಸಂಜೆ ಐದೂವರೆಗೆ ನಾವೆಲ್ಲ ಏರಿ ಬಿಟ್ಟು ಹೊರಡುತ್ತೇವೆ. ಕತ್ತಲಾದ ಮೇಲೆ ಆನೆಗಳು ನೀರಿಗೆ ಬರುತ್ತವೆ. ಬೆಳಿಗ್ಗೆ ಹೋದರೆ ಇಳಿಜಾರಿನ ಕೆಸರಲ್ಲಿ ದೊಡ್ಡ ಹೆಜ್ಜೆ, ಪಕ್ಕದಲ್ಲೇ ಮರಿಯ ಪುಟ್ಟ ಹೆಜ್ಜೆ. ಅವೂ ಇಳಿಯಲು ಹುಡುಕಿಕೊಂಡದ್ದು ಮಕ್ಕಳು ಈಜು ಕಲಿಯುವ ಅದೇ ಜಾಗವನ್ನು.

ಈ ಭಾನುವಾರ ತಟ್ಟೆ ಇಳಿಸುವ ಸರದಿ ಆರನೇ ಕ್ಲಾಸಿನ ಒಬ್ಬ ಹುಡುಗಿಯದು. ಹಗ್ಗಕ್ಕೆ ಹತ್ತೇ ಗಂಟು ಇದೆ, ಇನ್ನೆರಡು ಹಾಕಿಡಿ ಅಂತ ನಿನ್ನೆಯೇ ಬಂದು ಹೇಳಿ ಹೋಗಿದ್ದಾಳೆ. ಹಾಕಿಟ್ಟಿದ್ದೇನೆ.

ನಮಸ್ಕಾರ.