ಕಾಗದದ ಟೈಮ್‌ಶೀಟ್ ಹೋಗಲಿ, ದುಡಿದ ನಿಮಿಷ ಹೋಗಬಾರದು

ನಮಸ್ಕಾರ. ಅಮೆರಿಕದಲ್ಲಿ ಒಂದೊಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಗೆ ಸ್ಕೂಲ್ ಡಿಸ್ಟ್ರಿಕ್ಟ್ ಅನ್ನುತ್ತಾರೆ. ಎಷ್ಟೋ ಡಿಸ್ಟ್ರಿಕ್ಟ್‌ಗಳಲ್ಲಿ ಟೈಮ್‌ಶೀಟ್, ಅಂದರೆ ಕೆಲಸ ಮಾಡಿದ ಗಂಟೆಗಳ ಪಟ್ಟಿ, ಇನ್ನೂ ಒಂದು ಕಾಗದ. ಬಸ್ ಡ್ರೈವರ್, ಕೆಫೆಟೀರಿಯಾದವರು, ಶಾಲೆ ಸ್ವಚ್ಛ ಮಾಡುವ ಕಸ್ಟೋಡಿಯನ್, ವಿಶೇಷ ಅಗತ್ಯ ಇರುವ ಮಕ್ಕಳ ಪಕ್ಕದಲ್ಲೇ ಇಡೀ ದಿನ ಇರುವ ಸಹಾಯಕರು ಅಂದರೆ ಪ್ಯಾರಾಗಳು, ಇವರೆಲ್ಲ ಅದನ್ನು ತುಂಬಿ ಸಹಿ ಹಾಕಿ ಕೊಡುತ್ತಾರೆ. ಪ್ರಿನ್ಸಿಪಾಲರು ಸಹಿ ಮಾಡುತ್ತಾರೆ, ಶಾಲೆಯ ಸೆಕ್ರೆಟರಿ ಗಂಟೆ ಕೂಡಿಸಿ ಕಳಿಸುತ್ತಾರೆ, ಡಿಸ್ಟ್ರಿಕ್ಟ್ ಆಫೀಸಿನಲ್ಲಿ ಸಂಬಳದ ಲೆಕ್ಕ ನೋಡುವ ಪೇರೋಲ್‌ನವರು ಅದನ್ನೇ ನೋಡಿಕೊಂಡು ಮತ್ತೆ ಟೈಪ್ ಮಾಡುತ್ತಾರೆ. ಇಷ್ಟು ಕೈ ದಾಟುವಾಗ ಒಂದು 6 ಹೋಗಿ 0 ಆದರೆ ಯಾರ ಸಂಬಳ ಕಡಿಮೆಯಾಗುತ್ತದೆ ಅಂತ ಹೇಳಬೇಕಾಗಿಲ್ಲ. ಹಾಗಾಗಿ ಡಿಜಿಟಲ್‌ಗೆ ಹೋಗಲೇಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ತಕರಾರು ಇರುವುದು ಹೋಗುವ ರೀತಿಯ ಬಗ್ಗೆ.

ಮೊದಲು ಇದು ಯಾರ ವಿಷಯ ಅಂತ ನೋಡೋಣ. ಟೀಚರ್‌ಗಳದ್ದಲ್ಲ. 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಆಕ್ಟ್ ಪ್ರಕಾರ ಪಾಠ ಮಾಡುವವರಿಗೆ ಓವರ್‌ಟೈಮ್ ನಿಯಮ ಅನ್ವಯಿಸುವುದಿಲ್ಲ. ಗಂಟೆ ಲೆಕ್ಕದಲ್ಲಿ ಸಂಬಳ ಪಡೆಯುವವರಿಗೆ ಅನ್ವಯಿಸುತ್ತದೆ. ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ ಪಟ್ಟು ಕೊಡಬೇಕು. ಇದು ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ 1985ರಲ್ಲಿ ಗಾರ್ಸಿಯಾ ಕೇಸಿನಲ್ಲಿ ಹೇಳಿತು. ಅಂದರೆ ಇಡೀ ಶಾಲೆಯಲ್ಲಿ ಕಡಿಮೆ ಸಂಬಳ ಇರುವವರಿಗೇ ನಿಮಿಷಗಳ ಲೆಕ್ಕ ಜಾಸ್ತಿ ಮುಖ್ಯ.

ಕಾಗದದಲ್ಲಿ ಏನಾಗುತ್ತದೆ ಗೊತ್ತಾ? ಪ್ರತಿ ದಿನ 7:30ರಿಂದ 3:30. ಸೋಮವಾರವೂ ಅದೇ, ಶುಕ್ರವಾರವೂ ಅದೇ. ನಿಜವಾಗಿ ಯಾರ ದಿನವೂ ಹಾಗಿರುವುದಿಲ್ಲ. ಬಸ್ ತಡವಾದರೆ ಪ್ಯಾರಾ ಆ ಮಗುವಿನ ಜೊತೆ ಬಾಗಿಲಲ್ಲೇ ನಿಂತಿರುತ್ತಾರೆ. ಊಟದ ಅರ್ಧ ಗಂಟೆಯಲ್ಲೂ ಪಕ್ಕದಲ್ಲೇ ಕೂತು ಆ ಮಗುವಿಗೆ ತಿನ್ನಿಸುತ್ತಿರುತ್ತಾರೆ. ಕಾನೂನು ಇಲ್ಲಿ ಸ್ಪಷ್ಟವಾಗಿದೆ: ಊಟದ ಹೊತ್ತಿಗೆ ಸಂಬಳ ಕೊಡದೆ ಇರಬೇಕಾದರೆ ಆ ಹೊತ್ತಿನಲ್ಲಿ ಕೆಲಸದಿಂದ ಪೂರ್ತಿ ಬಿಡುವು ಕೊಟ್ಟಿರಬೇಕು. ಮಾಡಿ ಅಂತ ಹೇಳದಿದ್ದರೂ, ಮಾಡುತ್ತಿರುವುದು ಗೊತ್ತಿದ್ದು ಸುಮ್ಮನಿದ್ದರೆ ಅದೂ ಕೆಲಸವೇ. ಆದರೆ ಮುದ್ರಿಸಿದ ಫಾರಂನಲ್ಲಿ ಇದನ್ನೆಲ್ಲ ಬರೆಯುವುದಕ್ಕೆ ಜಾಗವೂ ಇಲ್ಲ, ಬರೆದರೆ ಪ್ರಿನ್ಸಿಪಾಲರು ಏನಂದುಕೊಳ್ಳುತ್ತಾರೋ ಅನ್ನುವ ಹಿಂಜರಿಕೆ ಬೇರೆ.

ಈಗ ಯಂತ್ರ ಬಂತು ಅಂದುಕೊಳ್ಳಿ. ಕಾರ್ಡ್ ತೋರಿಸಿದರೆ ಪಂಚ್ ಇನ್, ಹೋಗುವಾಗ ಪಂಚ್ ಔಟ್. ಸರಿಯಾದ ನಿಮಿಷ ದಾಖಲಾಗುತ್ತದೆ. ಆದರೆ ದಾಖಲಾದ ನಿಮಿಷಕ್ಕೆಲ್ಲ ಸಂಬಳ ಬರುತ್ತದೆ ಅಂತ ಅಲ್ಲ! ಸಾಫ್ಟ್‌ವೇರ್ ಒಳಗೆ ಎರಡು ಸೆಟ್ಟಿಂಗ್ ಇರುತ್ತವೆ, ನನ್ನ ಪ್ರಕಾರ ಇಡೀ ಬದಲಾವಣೆಯ ಹಣೆಬರಹ ಅಲ್ಲೇ ಇದೆ. ಒಂದು, ಊಟದ 30 ನಿಮಿಷವನ್ನು ತಾನಾಗಿಯೇ ಕಳೆಯುವುದು. ನೀವು ಊಟ ಮಾಡಿದಿರೋ ಮಗುವನ್ನು ನೋಡಿಕೊಂಡಿರೋ, ಯಂತ್ರ ಕೇಳುವುದಿಲ್ಲ, ಕಳೆದುಬಿಡುತ್ತದೆ. ಇನ್ನೊಂದು ರೌಂಡಿಂಗ್, ಅಂದರೆ ಬಿಡಿ ನಿಮಿಷಗಳನ್ನು ಹತ್ತಿರದ ಪೂರ್ಣ ಲೆಕ್ಕಕ್ಕೆ ಸರಿಹೊಂದಿಸುವುದು. ಫೆಡರಲ್ ನಿಯಮ, ಅಂದರೆ ಕೇಂದ್ರ ಸರ್ಕಾರದ ನಿಯಮ, ಕಾಲು ಗಂಟೆವರೆಗೆ ರೌಂಡ್ ಮಾಡಲು ಬಿಡುತ್ತದೆ, ಒಟ್ಟಾರೆ ಲೆಕ್ಕದಲ್ಲಿ ಕೆಲಸಗಾರರಿಗೆ ನಷ್ಟ ಆಗಬಾರದು ಅನ್ನುವ ಷರತ್ತಿನ ಮೇಲೆ. 7 ನಿಮಿಷ ಜಾಸ್ತಿ ಮಾಡಿದರೆ ಬಿಟ್ಟುಹೋಗುತ್ತದೆ, 8 ಆದರೆ 15 ಆಗುತ್ತದೆ. ಈಗ ನೀವೇ ಯೋಚಿಸಿ, ಶಾಲೆಯಲ್ಲಿ ಬೆಲ್ ಇದೆ, ಯಾರೂ ತಡವಾಗಿ ಬರುವ ಹಾಗಿಲ್ಲ, ಎಲ್ಲರೂ ಐದಾರು ನಿಮಿಷ ಮೊದಲೇ ಬಂದು ಕೆಲಸ ಶುರು ಮಾಡುತ್ತಾರೆ. ಅಲ್ಲಿ ರೌಂಡಿಂಗ್ ಯಾವ ಕಡೆ ವಾಲುತ್ತದೆ? ದಿನಕ್ಕೆ 7 ನಿಮಿಷ ಅಂತ ಹಿಡಿದರೆ, 180 ದಿನದ ಶಾಲಾ ವರ್ಷದಲ್ಲಿ 21 ಗಂಟೆ ಆಯಿತು. ಸುಮಾರು ಮೂರು ದಿನದ ದುಡಿಮೆ. ನಿಮಿಷ ನಿಮಿಷವನ್ನೂ ಹಿಡಿಯುವ ಯಂತ್ರ ಕೈಯಲ್ಲಿದ್ದಾಗ ರೌಂಡ್ ಮಾಡುವ ಅಗತ್ಯವೇನು? ಕೈಯಲ್ಲಿ ಕೂಡಿಸುತ್ತಿದ್ದ ಕಾಲದ ಅನುಕೂಲ ಅದು. ಅದನ್ನು ಆಫ್ ಮಾಡಿ ಅಷ್ಟೇ.

ಇದಕ್ಕಿಂತ ಕಷ್ಟದ್ದು ಎರಡೆರಡು ಕೆಲಸ ಮಾಡುವವರ ಲೆಕ್ಕ. ಬೆಳಿಗ್ಗೆ ಬಸ್ ಓಡಿಸಿ, ಮಧ್ಯಾಹ್ನ ಕೆಫೆಟೀರಿಯಾದಲ್ಲಿ ನಿಂತು, ಸಂಜೆ ಮತ್ತೆ ಬಸ್ ಓಡಿಸುವವರು ಎಷ್ಟೋ ಜನ ಇದ್ದಾರೆ, ಎರಡಕ್ಕೂ ಬೇರೆ ಬೇರೆ ರೇಟ್. ಡಿಸ್ಟ್ರಿಕ್ಟ್ ಒಂದೇ ಆದ್ದರಿಂದ ಗಂಟೆಗಳನ್ನು ಸೇರಿಸಿ ಲೆಕ್ಕ ಹಾಕಬೇಕು, 40 ದಾಟಿದರೆ ಸಾಮಾನ್ಯವಾಗಿ ಎರಡೂ ರೇಟಿನ ಸರಾಸರಿಯ ಮೇಲೆ ಓವರ್‌ಟೈಮ್. ಆದರೆ ಅದೇ ವ್ಯಕ್ತಿ ಯಾವಾಗಲೋ ಒಮ್ಮೆ ತಾವೇ ಒಪ್ಪಿ ಶುಕ್ರವಾರದ ಫುಟ್‌ಬಾಲ್ ಪಂದ್ಯಕ್ಕೆ ಟಿಕೆಟ್ ಹರಿದರೆ, ಸರ್ಕಾರಿ ಸಂಸ್ಥೆಗಳಿಗೆ ಅದರಲ್ಲಿ ಒಂದು ವಿನಾಯಿತಿ ಇದೆ, ಆ ಗಂಟೆ ಸೇರುವುದಿಲ್ಲ. ಡ್ರೈವರ್ ಬಸ್ ಹೊರಡುವ ಮುಂಚೆ ಬ್ರೇಕು, ಟೈರು, ಲೈಟು ನೋಡುವುದೂ ಕೆಲಸವೇ, ಅದೂ ಎಣಿಕೆಗೆ ಬರಬೇಕು. ಇದನ್ನೆಲ್ಲ ಸಾಫ್ಟ್‌ವೇರ್ ಮಾರುವವರ ಡೆಮೊದಲ್ಲಿ ಯಾರೂ ತೋರಿಸುವುದಿಲ್ಲ. ಗೊತ್ತಿರುವುದು ಶಾಲೆಯ ಸೆಕ್ರೆಟರಿಗೆ. ವರ್ಷಗಟ್ಟಲೆ ಅವರ ತಲೆಯಲ್ಲೇ ಇರುವ ನಿಯಮಗಳು ಇವು, ಎಲ್ಲೂ ಬರೆದಿಟ್ಟಿಲ್ಲ. ಹಾಗಾಗಿ ಸಾಫ್ಟ್‌ವೇರ್ ಆರಿಸುವ ಮೀಟಿಂಗಿನಲ್ಲಿ ಮೊದಲ ಕುರ್ಚಿ ಅವರಿಗೆ ಹಾಕಿ.

ಅವಸರ ಮಾಡಿದರೆ ಏನಾಗುತ್ತದೆ ಅನ್ನುವುದನ್ನು ಲಾಸ್ ಏಂಜಲೀಸ್ ನೋಡಿದೆ. ದೇಶದ ಎರಡನೇ ಅತಿ ದೊಡ್ಡ ಡಿಸ್ಟ್ರಿಕ್ಟ್ ಅದು. 2007ರ ಶುರುವಿನಲ್ಲಿ ಸುಮಾರು 9.5 ಕೋಟಿ ಡಾಲರ್ ಯೋಜನೆಯ ಹೊಸ ಪೇರೋಲ್ ವ್ಯವಸ್ಥೆ ಚಾಲೂ ಮಾಡಿದರು. ಸಾವಿರಾರು ಜನರಿಗೆ ಸಂಬಳ ಕಡಿಮೆ ಬಂತು, ಕೆಲವರಿಗೆ ಬರಲೇ ಇಲ್ಲ, ಕೆಲವರಿಗೆ ಜಾಸ್ತಿ ಬಂದು ಆಮೇಲೆ ವಾಪಸ್ ಕೊಡಬೇಕಾಯಿತು. ತಿಂಗಳುಗಟ್ಟಲೆ ಇದೇ ಪಾಡು. ಅದು ಬರೀ ಟೈಮ್‌ಶೀಟ್ ಅಲ್ಲ, ಇಡೀ ಪೇರೋಲ್, ನಿಜ. ಆದರೆ ಕಾರಣಗಳು ಇವೇ: ಸಿಕ್ಕುಸಿಕ್ಕಾದ ಸಂಬಳದ ನಿಯಮಗಳು, ಹಳೆಯ ದಾಖಲೆಯ ತಪ್ಪುಗಳು ಹಾಗೇ ಹೊಸದಕ್ಕೆ ಬಂದದ್ದು, ಶಾಲೆಯ ಆಫೀಸಿನವರಿಗೆ ಸಾಕಷ್ಟು ತರಬೇತಿ ಇಲ್ಲದ್ದು. 2012ರಲ್ಲಿ ನ್ಯೂಜಿಲೆಂಡ್ ಇಡೀ ದೇಶದ ಶಾಲೆಗಳಿಗೆ ನೋವೊಪೇ ಅಂತ ತಂದಾಗಲೂ ಇದೇ ಗೋಳು. ದೋಷಗಳಿವೆ ಅಂತ ಗೊತ್ತಿದ್ದೂ ಚಾಲೂ ಮಾಡಿದ್ದರು. ಬಾಡಿಗೆ ಕಟ್ಟಬೇಕಾದವರಿಗೆ "ಸಿಸ್ಟಮ್ ಸರಿ ಮಾಡುತ್ತಿದ್ದೇವೆ, ಸ್ವಲ್ಪ ಕಾಯಿರಿ" ಅನ್ನುವುದು ಉತ್ತರವೇ ಅಲ್ಲ.

ಆದ್ದರಿಂದ ನಾನು ಹೇಳುವುದಿಷ್ಟು. ಕನಿಷ್ಠ ಎರಡು ಮೂರು ಪೇ ಪೀರಿಯಡ್ (ಸಂಬಳದ ಅವಧಿ) ಕಾಗದ, ಯಂತ್ರ ಎರಡೂ ನಡೆಯಲಿ, ಎರಡರ ಮೊತ್ತ ಪಕ್ಕಪಕ್ಕ ಇಟ್ಟು ನೋಡಲಿ, ವ್ಯತ್ಯಾಸ ಬಂದ ಪ್ರತಿಯೊಬ್ಬರದ್ದೂ ಯಾಕೆ ಅಂತ ಹುಡುಕಲಿ. ಶಾಲೆ ತೆರೆಯುವ ಆಗಸ್ಟ್‌ನಲ್ಲಿ ದಯವಿಟ್ಟು ಶುರು ಮಾಡಬೇಡಿ, ಆಗ ಸೆಕ್ರೆಟರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಎಲ್ಲರೂ ತಮ್ಮ ಫೋನಿನಲ್ಲೇ ಆಪ್ ಹಾಕಿಕೊಳ್ಳಬೇಕು ಅಂತ ಒತ್ತಾಯ ಮಾಡಬೇಡಿ. ಬಸ್ ಯಾರ್ಡಿನಲ್ಲಿ, ಅಡುಗೆಮನೆ ಬಾಗಿಲಲ್ಲಿ ಯಂತ್ರ ಇಡಿ. ಬೆರಳಚ್ಚಂತೂ ಬೇಡವೇ ಬೇಡ. ಇಲಿನಾಯ್‌ನಲ್ಲಿ 2008ರಿಂದ ಬೆರಳಚ್ಚು, ಮುಖದ ಮಾಹಿತಿಗೆ ಗಟ್ಟಿಯಾದ ಕಾನೂನು ಇದೆ, ಆದರೆ ಅದು ಖಾಸಗಿ ಸಂಸ್ಥೆಗಳಿಗೆ ಮಾತ್ರ, ಸರ್ಕಾರಿ ಸಂಸ್ಥೆಗಳನ್ನು ಹೊರಗಿಟ್ಟಿದೆ. ಕಾರ್ಡ್ ಕಳೆದರೆ ಹೊಸದು ಕೊಡಬಹುದು, ಬೆರಳು ಹಾಗಲ್ಲವಲ್ಲ.

ಕನ್ನಡದಲ್ಲಿ ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, 2015ರಲ್ಲಿ ಎಚ್4ನವರಲ್ಲಿ, ಅಂದರೆ ಎಚ್1ಬಿ ಕೆಲಸದ ವೀಸಾದವರ ಸಂಗಾತಿಗಳಲ್ಲಿ, ಕೆಲವರಿಗೆ ಕೆಲಸದ ಪರವಾನಗಿ ಸಿಗಲು ಶುರುವಾದ ಮೇಲೆ ನಮ್ಮ ಹೆಣ್ಣುಮಕ್ಕಳೂ ಶಾಲೆಗಳಲ್ಲಿ ಪ್ಯಾರಾ, ಲಂಚ್ ಮಾನಿಟರ್, ಸಬ್‌ಸ್ಟಿಟ್ಯೂಟ್ ಆಗಿ ಸೇರಿದ್ದಾರೆ. ಹೊಸ ದೇಶ, ಹೊಸ ಕೆಲಸ, ಹತ್ತು ನಿಮಿಷಕ್ಕೆ ಯಾಕೆ ಜಗಳ ಅಂತ ಸುಮ್ನೆ ಇದ್ದುಬಿಡುತ್ತೇವೆ. ಜಗಳ ಬೇಡ, ಆದರೆ ಬರೆದಿಡಿ. ಬಂದ ಹೊತ್ತು, ಹೋದ ಹೊತ್ತು, ಊಟ ಬಿಟ್ಟ ದಿನ, ನಿಮ್ಮದೇ ಒಂದು ಪುಸ್ತಕದಲ್ಲಿ. ಮಾಲೀಕರ ದಾಖಲೆ ಸರಿ ಇಲ್ಲದಿದ್ದಾಗ ಕೆಲಸಗಾರರು ಕೊಡುವ ನ್ಯಾಯವಾದ ಅಂದಾಜನ್ನೂ ಆಧಾರವಾಗಿ ಒಪ್ಪಬಹುದು ಅಂತ ಸುಪ್ರೀಂ ಕೋರ್ಟ್ 1946ರಲ್ಲೇ ಮೌಂಟ್ ಕ್ಲೆಮೆನ್ಸ್ ಪಾಟರಿ ಕೇಸಿನಲ್ಲಿ ಹೇಳಿದೆ. ಗಂಟೆಗಳ ಲೆಕ್ಕ ಬರೀ ಸಂಬಳದ್ದೂ ಅಲ್ಲ, ದೊಡ್ಡ ಸಂಸ್ಥೆಗಳಲ್ಲಿ ವಾರಕ್ಕೆ ಸರಾಸರಿ 30 ಗಂಟೆ ಆದರೆ ಫುಲ್ ಟೈಮ್ ಅಂತ ಎಣಿಸಿ ಹೆಲ್ತ್ ಇನ್ಶೂರೆನ್ಸ್ ಪ್ರಶ್ನೆ ಬರುತ್ತದೆ. 29ಕ್ಕೂ 30ಕ್ಕೂ ನಡುವೆ ಇರುವುದು ಈ ಚೂರುಪಾರು ನಿಮಿಷಗಳೇ.

ನಿಮ್ಮ ಡಿಸ್ಟ್ರಿಕ್ಟ್‌ನಲ್ಲಿ ಇಂಥ ಸಾಫ್ಟ್‌ವೇರ್ ಕಾಂಟ್ರಾಕ್ಟ್ ಸ್ಕೂಲ್ ಬೋರ್ಡ್ ಮೀಟಿಂಗಿಗೆ ಬಂದರೆ ಪಬ್ಲಿಕ್ ಕಾಮೆಂಟ್‌ಗೆ, ಅಂದರೆ ಜನ ಎದ್ದು ಮಾತಾಡುವ ಸಮಯಕ್ಕೆ, ಹೆಸರು ಕೊಡಿ. ಕೆಲಸಗಾರರು ತಮ್ಮ ಪಂಚ್‌ಗಳನ್ನು ತಾವೇ ನೋಡಬಹುದಾ, ಬೇರೆ ಯಾರಾದರೂ ತಿದ್ದಿದರೆ ಯಾರು, ಯಾವಾಗ, ಯಾಕೆ ಅಂತ ಅಲ್ಲೇ ಕಾಣುತ್ತದಾ ಅಂತ ಕೇಳಿ. ಇನ್ನೂ ಒಂದು ಕೇಳಿ: ಟೈಮ್ ಕಾರ್ಡ್ 2 ವರ್ಷ, ಪೇರೋಲ್ ದಾಖಲೆ 3 ವರ್ಷ ಇಡಬೇಕು ಅಂತ ಫೆಡರಲ್ ನಿಯಮ ಇದೆ, ಕಂಪನಿ ಜೊತೆಗಿನ ಕಾಂಟ್ರಾಕ್ಟ್ ಅದಕ್ಕೂ ಮೊದಲೇ ಮುಗಿದರೆ ಆ ದಾಖಲೆ ಯಾರ ಕೈಯಲ್ಲಿರುತ್ತದೆ?