ಕೂಸಿನ ಎದೆಬಡಿತ, ಅಂಗಳದ ಓಟ

ಕೇಳುಗರಿಗೆ ನಮಸ್ಕಾರ.

ಅಂಗಳದಲ್ಲಿ ಓಡಾಡಿ ಬಂದ ಮೂರು ವರ್ಷದ ಕೂಸಿನ ಎದೆಯ ಮೇಲೆ ಅಜ್ಜಿ ಕೈಯಿಡುತ್ತಾಳೆ. ‘ಎದಿ ಹೆಂಗ ಬಡಕೊಳಾಕತ್ತೈತಿ ನೋಡು, ಸಾಕು ಕುಂದ್ರು’ ಅನ್ನುತ್ತಾಳೆ. ಅಲ್ಲಿಗೆ ಆ ದಿನದ ಆಟ ಮುಗಿಯಿತು. ಅಜ್ಜಿಯ ಅಂತಃಕರಣ ದೊಡ್ಡದು, ಲೆಕ್ಕ ಮಾತ್ರ ತಪ್ಪಿದೆ.

ದೊಡ್ಡವರ ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ತಳ್ಳುತ್ತದೆ. ನಾಲ್ಕು ವರ್ಷದ ಮಗುವಿನ ಹೃದಯ ತಳ್ಳುವುದು ಅದರ ಅರ್ಧಕ್ಕಿಂತ ಕಡಿಮೆ. ಸಣ್ಣ ತಂಬಿಗೆಯಲ್ಲಿ ಹಂಡೆ ತುಂಬಬೇಕಾದರೆ ಹೆಚ್ಚು ಸಲ ಎತ್ತಿ ಹಾಕಬೇಕಲ್ಲ, ಹಾಗೆ. ಸುಮ್ಮನೆ ಕೂತಾಗಲೇ ಈ ವಯಸ್ಸಿನ ಮಗುವಿನ ಬಡಿತ ನಿಮಿಷಕ್ಕೆ 80ರಿಂದ 120ರವರೆಗೆ ಇರುತ್ತದೆ. ಜೋರಾಗಿ ಓಡಿದಾಗ 180 ದಾಟಬಹುದು. ನೀವೇ ಎಣಿಸಿ ನೋಡಿ: ಎಡ ಮೊಲೆತೊಟ್ಟಿನ ಹತ್ತಿರ ಅಂಗೈ ಇಟ್ಟು, ಗಡಿಯಾರ ನೋಡುತ್ತಾ 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ. ಅತ್ತಾಗ, ಜ್ವರ ಬಂದಾಗ ಎಣಿಸಿದರೆ ಲೆಕ್ಕ ಏರುತ್ತದೆ. ಓಟ ನಿಲ್ಲಿಸಿದ ಮೇಲೆ ಎರಡು ಮೂರು ನಿಮಿಷದಲ್ಲಿ ಬಡಿತ ಇಳಿಯುತ್ತಾ ಬಂದು, ಕೂಸು ಮತ್ತೆ ಓಡಲು ಎದ್ದರೆ ಅದು ಗಟ್ಟಿ ಹೃದಯದ ಲಕ್ಷಣ.

ಇಷ್ಟು ಸಣ್ಣವರಿಗೆ ಹೃದಯದ ಚಿಂತೆ ಯಾಕೆ ಅಂತ ಕೇಳುವವರಿದ್ದಾರೆ. ಅಮೆರಿಕದ ಬೊಗಲೂಸಾ ಎಂಬ ಊರಿನಲ್ಲಿ 1973ರಲ್ಲಿ ಮಕ್ಕಳ ಹೃದಯದ ಅಧ್ಯಯನ ಶುರುವಾಯಿತು. ಹೆಚ್ಚಾಗಿ ಅಪಘಾತದಂಥ ಕಾರಣಗಳಿಂದ ತೀರಿಕೊಂಡ ಮಕ್ಕಳ ಮತ್ತು ತರುಣರ ರಕ್ತನಾಳಗಳನ್ನು ಅಲ್ಲಿ ಪರೀಕ್ಷಿಸಿದಾಗ, ಸಣ್ಣ ವಯಸ್ಸಿನಲ್ಲೇ ಕೊಬ್ಬಿನ ಗೆರೆಗಳು ಕಂಡವು. ತೂಕ, ರಕ್ತದೊತ್ತಡ, ಕೊಲೆಸ್ಟ್ರಾಲ್ ಹೆಚ್ಚಿದ್ದವರಲ್ಲಿ ಅವು ಹೆಚ್ಚಿದ್ದವು. ನಲವತ್ತರಲ್ಲಿ ಬರುವ ಎದೆನೋವಿಗೆ ಬಿತ್ತನೆ ಬಹಳ ಮೊದಲೇ ಆಗಿರುತ್ತದೆ.

ಹಾಗಾದರೆ ಎಷ್ಟು ಆಡಬೇಕು? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ, ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಚಟುವಟಿಕೆ ಬೇಕು. ಮೂರು ತುಂಬಿದವರಿಗೆ ಅದರಲ್ಲಿ 60 ನಿಮಿಷವಾದರೂ ಉಸಿರು ಏರುವಂಥದ್ದಿರಬೇಕು. ಮೂರು ತಾಸು ಅಂದ ಕೂಡಲೇ ಗಾಬರಿಯಾಗಬೇಡಿ. ಅಂಗನವಾಡಿಗೆ ನಡೆದು ಹೋದದ್ದು, ಮೆಟ್ಟಿಲು ಹತ್ತಿದ್ದು, ಅವ್ವನ ಹಿಂದೆ ಹಿತ್ತಲಿಗೆ ಓಡಿದ್ದು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಮಕ್ಕಳು ಆಡುವುದೇ ತುಣುಕು ತುಣುಕಾಗಿ. ಹತ್ತು ಸೆಕೆಂಡು ಓಟ, ಕೂತು ಇರುವೆ ನೋಡುವುದು, ಮತ್ತೆ ಜಿಗಿತ. ಉಣಕಲ್ ಕೆರೆಗೆ ವಾಕಿಂಗ್ ಹೊರಟ ಅಪ್ಪ ಮಗುವನ್ನೂ ಜೊತೆಗೆ ಕರೆದೊಯ್ದು, ಒಂದೇ ಸಮನೆ ಅರ್ಧ ತಾಸು ನಡೆಸಿದರೆ ಅದು ‘ಎತ್ಕೋ’ ಅಂತ ಅಳುವುದು ಇದಕ್ಕೇ. ಸೋಮಾರಿತನ ಅಂತ ಬೈಯಬೇಡಿ. ಅದೇ ದಂಡೆಯ ಮೇಲೆ ಮುಟ್ಟಾಟ ಆಡಿಸಿ, ಸುಸ್ತಾಗುವವರು ನೀವೇ.

ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿ ಅಂಗಳ ಎಲ್ಲಿಂದ ಬರಬೇಕು? ಪಡಸಾಲೆ ಸಾಕು. ಹಳೆ ಸೀರೆ ಹರಿದು, ಮುಷ್ಟಿ ಗಾತ್ರದ ಹತ್ತು ಬಟ್ಟೆ ಉಂಡೆ ಕಟ್ಟಿ. ಒಂದು ಗೋಡೆಗೆ ಉಂಡೆ, ಎದುರು ಗೋಡೆಗೆ ಬುಟ್ಟಿ. ಒಮ್ಮೆಗೆ ಒಂದೇ ಉಂಡೆ ಒಯ್ದು ಹಾಕಬೇಕು. ಹತ್ತೂ ಮುಗಿಯುವಷ್ಟರಲ್ಲಿ ಹತ್ತು ಸಲ ಬಾಗಿ ಎದ್ದು, ಹೋಗಿ ಬಂದು ಆಯಿತು. ದಿನದಲ್ಲಿ ನಾಲ್ಕೈದು ಸಲ ಹೀಗೆ ಆಡಿಸಿ. ಉಂಡೆ ಬದಲು ಶೇಂಗಾ, ಗೋಲಿ ಇಡಬೇಡಿ. ಬಾಯಿಗೆ ಹೋಗಿ ಗಂಟಲಲ್ಲಿ ಸಿಕ್ಕುತ್ತವೆ. ಟೈಲ್ಸ್ ನೆಲವಿದ್ದರೆ ಸಾಕ್ಸ್ ಬಿಚ್ಚಿ, ಬರಿಗಾಲಲ್ಲಿ ಬಿಡಿ.

ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಹೊರಗಿನ ಓಟ ಬೇಡ. ಮಕ್ಕಳು ದೊಡ್ಡವರಷ್ಟು ಬೆವರುವುದಿಲ್ಲ, ಮೈಕಾವು ಬೇಗ ಏರುತ್ತದೆ. ಕಾಲು ತಾಸಿಗೊಮ್ಮೆ ಎರಡು ಗುಟುಕು ನೀರು ಕುಡಿಸಿ.

ಇನ್ನೂ ವರ್ಷ ತುಂಬದ ಕೂಸಿಗೆ, ಎಚ್ಚರವಿದ್ದಾಗ, ಬೋರಲಾಗಿ ಮಲಗಿಸಿ ಆಡಿಸುವುದೇ ವ್ಯಾಯಾಮ. ಎರಡೆರಡು ನಿಮಿಷ ಕೂಡಿಸುತ್ತಾ ದಿನಕ್ಕೆ ಅರ್ಧ ತಾಸು ಮಾಡಿ. ಹಾಲು ಕುಡಿಸಿದ ಕೂಡಲೇ ಬೇಡ. ಗಾಲಿಯ ವಾಕರ್ ಬೇಡವೇ ಬೇಡ. ಅದು ನಡಿಗೆ ಕಲಿಸುವುದಿಲ್ಲ, ಹೊಸ್ತಿಲ ಬಳಿ ಮಗುಚುತ್ತದೆ. ಕೆನಡಾ ದೇಶ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ. ಮೊಬೈಲ್ ತೋರಿಸುತ್ತಾ ಉಣಿಸುವ ರೂಢಿಯೂ ಕೂಸನ್ನು ಕೂತಲ್ಲೇ ಕಟ್ಟಿಹಾಕುತ್ತದೆ. ಎರಡು ವರ್ಷ ತುಂಬುವವರೆಗೆ ಪರದೆ ಬೇಡ. ಆಮೇಲೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚಾಗಬಾರದು.

ಆಡಲು ಬಿಟ್ಟರೂ ಆಡದ ಮಗುವಿನ ಕಡೆ ಗಮನ ಬೇಕು. ಮೊದಲು ಕೆಳ ರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ. ಬಿಳಚಿಕೊಂಡಿದ್ದರೆ ರಕ್ತಹೀನತೆ ಇರಬಹುದು. ಆಗ ಹೃದಯ ಕೂತಲ್ಲೂ ಹೆಚ್ಚು ಬಡಿದುಕೊಳ್ಳುತ್ತದೆ. ಆರು ತಿಂಗಳಿಂದ ಐದು ವರ್ಷದವರಿಗೆ ಸರಕಾರ ಕೊಡುವ ಕಬ್ಬಿಣಾಂಶದ ಸಿರಪ್ ವಾರಕ್ಕೆ ಎರಡು ಸಲ, ಒಂದೊಂದು ಮಿಲಿಲೀಟರ್. ಆಶಾ ಕಾರ್ಯಕರ್ತೆಯನ್ನು ಕೇಳಿ. ಮಲ ಕಪ್ಪಗಾಗುತ್ತದೆ ಅಂತ ಅರ್ಧಕ್ಕೇ ಬಿಡುವವರು ಬಹಳ. ಅದು ಔಷಧದ ಬಣ್ಣ ಅಷ್ಟೇ.

ಓಡುವಾಗ ತುಟಿ, ಉಗುರು ನೀಲಿಯಾಗುವುದು, ನಡುವೆ ಕುಕ್ಕರಗಾಲಲ್ಲಿ ಕೂತು ಏದುಸಿರು ಬಿಡುವುದು, ಓಡುತ್ತಿದ್ದಂತೆ ಮೂರ್ಛೆ ಹೋಗುವುದು, ಹಾಲು ಕುಡಿಯುವಾಗ ಹಣೆ ಬೆವರಿ, ಕುಡಿಯುವುದನ್ನು ನಡುವೆಯೇ ನಿಲ್ಲಿಸಿಬಿಡುವುದು: ಇವುಗಳಲ್ಲಿ ಒಂದು ಕಂಡರೂ ಆಟ ನಿಲ್ಲಿಸಿ, ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ತಪಾಸಣೆಗೆ ಬರಬೇಕು. ಹುಟ್ಟಿನಿಂದ ಬಂದ ಹೃದಯದೋಷವೂ ಅವರ ಪಟ್ಟಿಯಲ್ಲಿದೆ. ಅವರು ಬರುವ ದಿನವನ್ನು ಮೊದಲೇ ಕೇಳಿಟ್ಟುಕೊಂಡು, ಅಂದು ಕೂಸನ್ನು ತಪ್ಪಿಸದೆ ಕಳಿಸಿ. ಓಡುವಾಗ ಏನು ಕಂಡಿರಿ ಅನ್ನುವುದನ್ನು ಕಾರ್ಯಕರ್ತೆಗೆ ಹೇಳಿ ಕಳಿಸಿ. ಸುಮ್ಮನೆ ಕೂತ ಮಗುವಿನಲ್ಲಿ ಅದು ವೈದ್ಯರಿಗೆ ಕಾಣುವುದಿಲ್ಲ. ನಮಸ್ಕಾರ.